ಮುಂದಿನ ಸೀಟಿನ ಏರ್‌ಬ್ಯಾಗ್ ಬಿಚ್ಚುವುದು ಹೇಗೆ: ಕಾರವಾರದ ಗ್ಯಾರೇಜಿನಿಂದ ಒಂದು ಸಮಗ್ರ ಮಾರ್ಗದರ್ಶಿ

ಮಳೆಗಾಲ ಶುರುವಾಗಿ ತಿಂಗಳಾಯಿತು ಅಂದರೆ ನಮ್ಮ ಗ್ಯಾರೇಜಿಗೆ ಎರಡು ಥರದ ಕಾರು ಬರುತ್ತವೆ. ಒಂದು, ಎಸಿ ತಣ್ಣಗಾಗದ ಕಾರು. ಕಡಲ ಉಪ್ಪುಗಾಳಿಗೆ ಕೂಲಿಂಗ್ ಕಾಯಿಲ್ ತೂತು ಬಿದ್ದಿರುತ್ತದೆ. ಇನ್ನೊಂದು, ಇಲಿ ಹೊಕ್ಕ ಕಾರು. ಇವು ಹೆಚ್ಚಾಗಿ ಘಟ್ಟದ ಮೇಲಿನವು, ಶಿರಸಿ ಸಿದ್ದಾಪುರದ ಕಡೆಯವು. ಕೊಟ್ಟಿಗೆ ಪಕ್ಕ ನಾಲ್ಕು ದಿನ ಕಾರು ಅಲುಗಾಡದೆ ನಿಂತರೆ ಸಾಕು, ಇಲಿ ಗ್ಲವ್ ಬಾಕ್ಸ್ ಹಿಂದೆ ಬಾಣಂತಿಕೋಣೆ ಮಾಡಿಕೊಂಡಿರುತ್ತದೆ. ಎರಡೂ ಕೆಲಸಕ್ಕೆ ಡ್ಯಾಶ್‌ಬೋರ್ಡ್ ಒಳಗೆ ಕೈ ಹಾಕಬೇಕು. ಹಾಕಿದ ಕೈಗೆ ಎದುರಾಗುವುದು ಪ್ಯಾಸೆಂಜರ್ ಏರ್‌ಬ್ಯಾಗ್.

ಮೊದಲೆಲ್ಲ ಈ ತಾಪತ್ರಯ ಇರಲಿಲ್ಲ. ಚಿಕ್ಕ ಕಾರುಗಳಲ್ಲಿ ಏರ್‌ಬ್ಯಾಗೇ ಇರುತ್ತಿರಲಿಲ್ಲ. 2019ರ ಜುಲೈ 1ರಿಂದ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾಯಿತು. 2021ರ ಏಪ್ರಿಲ್ 1ರಿಂದ ಹೊಸ ಮಾಡೆಲ್‌ಗಳಿಗೆ ಪಕ್ಕದ ಸೀಟಿಗೂ ಬಂತು. ಆಗಲೇ ಮಾರಾಟದಲ್ಲಿದ್ದ ಮಾಡೆಲ್‌ಗಳಿಗೆ ಆ ವರ್ಷದ ಡಿಸೆಂಬರ್ 31ರವರೆಗೆ ಸಮಯ ಕೊಟ್ಟರು. ಹಾಗಾಗಿ ಈಗ ಗ್ಯಾರೇಜಿಗೆ ಬರುವ ಸಣ್ಣ ಕಾರಲ್ಲೂ ಇದು ಇದ್ದೇ ಇರುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೋಲ್ಟ್ ಬಿಚ್ಚುವುದು ಇದರಲ್ಲಿ ದೊಡ್ಡ ಕೆಲಸ ಅಲ್ಲ. ಮೂರೋ ನಾಲ್ಕೋ ಬೋಲ್ಟ್, ಒಂದೋ ಎರಡೋ ಕಪ್ಲರ್ (ವೈರ್ ಜೋಡಿಸುವ ಪ್ಲಗ್), ಅಷ್ಟೇ. ಬಿಚ್ಚುವ ಮೊದಲು ಸುಮ್ನೆ ಕೂತು ಕಾಯುವುದು, ಬಿಚ್ಚಿದ ಮೇಲೆ ಅದನ್ನು ಎಲ್ಲಿ ಹೇಗೆ ಇಡುತ್ತೀರಿ ಅನ್ನುವುದು, ಇವೆರಡೇ ನಿಜವಾದ ಕೆಲಸ. ಗ್ಯಾರೇಜಲ್ಲಿ ಹುಡುಗರು ಎಡವುವುದೂ ಇಲ್ಲೇ.

ಒಳಗೆ ಇರುವುದು ಏನು

ಮಾಡ್ಯೂಲ್ ಅಂದರೆ ಒಂದು ತಗಡಿನ ಡಬ್ಬಿ. ಅದರಲ್ಲಿ ಮಡಚಿಟ್ಟ ನೈಲಾನ್ ಚೀಲ. ಚೀಲದ ಬುಡದಲ್ಲಿ ಇನ್‌ಫ್ಲೇಟರ್ ಅನ್ನುವ ಗಟ್ಟಿ ಲೋಹದ ಕೊಳವೆ. ಕೊಳವೆಯಲ್ಲಿ ಬೇಗ ಉರಿದು ಗ್ಯಾಸ್ ಆಗುವ ಮದ್ದು. ಮದ್ದಿಗೆ ಕಿಡಿ ಕೊಡಲು ಸ್ಕ್ವಿಬ್ ಎಂಬ ಪುಟ್ಟ ವಸ್ತು. ಸ್ಕ್ವಿಬ್ ಒಳಗೆ ಕೂದಲಿನಂಥ ತಂತಿ ಇರುತ್ತದೆ, ಅದರ ರೆಸಿಸ್ಟೆನ್ಸ್ ಸುಮಾರು 2 ಓಮ್. ಅಲ್ಲಿ ಸ್ವಲ್ಪ ಕರೆಂಟ್ ಹರಿದರೆ ತಂತಿ ಕೆಂಪಾಗಿ ಮದ್ದು ಹೊತ್ತುತ್ತದೆ. ಸುಮಾರು 30ರಿಂದ 50 ಮಿಲಿಸೆಕೆಂಡ್ ಒಳಗೆ ಚೀಲ ಉಬ್ಬಿ ನಿಂತಿರುತ್ತದೆ. ಕಣ್ಣು ಮಿಟುಕಿಸಲು ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಪ್ಯಾಸೆಂಜರ್ ಕಡೆ ದೂರ ಜಾಸ್ತಿ, ಹಾಗಾಗಿ ಈ ಚೀಲ ಸ್ಟಿಯರಿಂಗ್ ಚೀಲಕ್ಕಿಂತ ದೊಡ್ಡದು.

ಒಂದು ರೀತಿಯಲ್ಲಿ ಇದು ಪಟಾಕಿಯೇ. ಬತ್ತಿಯ ಬದಲು ವೈರ್. ಪಟಾಕಿಗೆ ಎಷ್ಟು ಹೆದರುತ್ತೀರೋ ಅಷ್ಟು ಹೆದರಿದರೆ ಸಾಕು, ಕೈ ನಡುಗುವಷ್ಟು ಬೇಡ.

ಮದ್ದಿನ ವಿಷಯಕ್ಕೆ ಬಂದರೆ ನಮ್ಮ ಕರಾವಳಿಯವರು ತಿಳಿದಿರಬೇಕಾದ ಸಂಗತಿ ಒಂದಿದೆ. ಜಪಾನಿನ ಟಕಾಟಾ ಕಂಪನಿ ಅಮೋನಿಯಂ ನೈಟ್ರೇಟ್ ಬಳಸಿ ಇನ್‌ಫ್ಲೇಟರ್ ಮಾಡುತ್ತಿತ್ತು. ವರ್ಷಗಟ್ಟಲೆ ಸೆಖೆ, ತೇವಾಂಶ ತಿಂದ ಆ ಮದ್ದು ಹಾಳಾಗಿ, ಉರಿಯಬೇಕಾದ್ದಕ್ಕಿಂತ ಜೋರಾಗಿ ಉರಿದು, ಲೋಹದ ಕೊಳವೆಯೇ ಒಡೆದು ಚೂರು ಸಿಡಿಯುತ್ತಿತ್ತು. ಜಗತ್ತಿನ ತುಂಬ ಕೋಟಿಗಟ್ಟಲೆ ಕಾರುಗಳನ್ನು ವಾಪಸ್ ಕರೆಸಬೇಕಾಯಿತು. 2017ರಲ್ಲಿ ಟಕಾಟಾ ದಿವಾಳಿಯಾಯಿತು. ಭಾರತದಲ್ಲೂ ಕೆಲವು ಹಳೆ ಮಾಡೆಲ್‌ಗಳನ್ನು ಹೀಗೆ ಕರೆಸಿದ್ದರು. ಸೆಖೆ ಮತ್ತು ತೇವ ಎರಡೂ ನಮ್ಮಲ್ಲಿ ಧಾರಾಳ ಅಲ್ವಾ? ಆದ್ದರಿಂದ ನಿಮ್ಮದು ಹತ್ತು ವರ್ಷ ದಾಟಿದ ಕಾರಾದರೆ, ಪಾನಾ ಹಿಡಿಯುವ ಮೊದಲು ಚಾಸಿ ನಂಬರ್ ಕೊಟ್ಟು ಕಂಪನಿ ಶೋರೂಮಲ್ಲಿ ಕೇಳಿ. ಕರೆಸಿದ ಕಾರಾಗಿದ್ದರೆ ಅವರೇ ಪುಕ್ಕಟೆ ಬದಲಿಸಿಕೊಡುತ್ತಾರೆ. ಅಂಥದ್ದಕ್ಕೆ ನೀವು ಕೈ ಹಾಕಲೇಬೇಡಿ.

ಇನ್ನೂ ಎರಡು ಕಡೆ ಕೈ ಹಾಕಬಾರದು. ನೆರೆ ನೀರು ಹೊಕ್ಕ ಕಾರು ಒಂದು. 2019ರ ಆಗಸ್ಟ್‌ನಲ್ಲಿ, ಮತ್ತೆ 2021ರ ಜುಲೈನಲ್ಲಿ ಕಾಳಿ, ಗಂಗಾವಳಿ ದಂಡೆಯ ಊರುಗಳಿಗೆ ನೀರು ನುಗ್ಗಿದ್ದು ನೆನಪಿರಬಹುದು. ಚೀಲ ಯಾವಾಗ ಉಬ್ಬಬೇಕು ಅಂತ ತೀರ್ಮಾನಿಸುವ ಏರ್‌ಬ್ಯಾಗಿನ ಕಂಟ್ರೋಲ್ ಯೂನಿಟ್ ಹೆಚ್ಚಿನ ಕಾರುಗಳಲ್ಲಿ ಗೇರ್ ಲಿವರ್ ಹತ್ತಿರ, ನೆಲಕ್ಕೆ ಅಂಟಿದಂತೆ ಕೂತಿರುತ್ತದೆ. ಸೀಟು ಒದ್ದೆಯಾಗುವ ಮೊದಲೇ ಅದು ಮುಳುಗಿರುತ್ತದೆ. ಅಂಥ ಕಾರಿಗೆ ಕೀ ಹಾಕಿ ನೋಡುವುದೂ ಬೇಡ, ಟೋ ಮಾಡಿಸಿ ಕಳಿಸಿ. ಎರಡನೆಯದು, ಅಪಘಾತದಲ್ಲಿ ಒಂದು ಚೀಲ ‘ಬಿಟ್ಟು’, ಅಂದರೆ ಸಿಡಿದು ಉಬ್ಬಿ, ಇನ್ನೊಂದು ಹಾಗೇ ಉಳಿದ ಕಾರು.

ಬೇಕಾದ ಸಾಮಾನು

10 ಮತ್ತು 12 ಎಂಎಂ ಸಾಕೆಟ್, ರ್‍ಯಾಚೆಟ್, ಉದ್ದದ ಎಕ್ಸ್‌ಟೆನ್ಶನ್. ಸ್ಟಾರ್ ಸ್ಕ್ರೂ ಡ್ರೈವರ್, ಚಪ್ಪಟೆ ಬಾಯಿಯ ಸಣ್ಣದೊಂದು. ಟ್ರಿಮ್ (ಒಳಗಿನ ಪ್ಲಾಸ್ಟಿಕ್ ಹೊದಿಕೆ) ಎಬ್ಬಿಸುವ ಪ್ಲಾಸ್ಟಿಕ್ ಪಟ್ಟಿ. ತಲೆಗೆ ಕಟ್ಟುವ ಬ್ಯಾಟರಿ ದೀಪ. ಟಾರ್ಕ್ ರೆಂಚ್. ಏರ್‌ಬ್ಯಾಗಿನ ದೋಷದ ಕೋಡ್ ಓದುವ ಸ್ಕ್ಯಾನರ್. ಬರೀ ಎಂಜಿನ್ ಕೋಡ್ ಓದುವ ಅಗ್ಗದ ಬ್ಲೂಟೂತ್ ಡಬ್ಬಿ ಇಲ್ಲಿ ಕೆಲಸಕ್ಕೆ ಬಾರದು. ಕಣ್ಣಿಗೆ ಕನ್ನಡಕ. ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುವಲ್ ಸಿಕ್ಕರೆ ಬಹಳ ಒಳ್ಳೆಯದು, ಯಾಕೆಂದರೆ ಬೋಲ್ಟ್ ಎಲ್ಲಿದೆ ಅನ್ನುವುದು ಕಾರಿಂದ ಕಾರಿಗೆ ಬೇರೆ.

ಕರೆಂಟ್, ಓಮ್ ಅಳೆಯುವ ಮಲ್ಟಿಮೀಟರ್ ಮಾತ್ರ ಈ ಕೆಲಸ ಮುಗಿಯುವವರೆಗೆ ಪೆಟ್ಟಿಗೆಯಲ್ಲೇ ಇರಲಿ. ಕಾರಣ ಮುಂದೆ ಹೇಳುತ್ತೇನೆ.

ಕಾಯುವ ಕೆಲಸ

ಕಾರನ್ನು ಸಮತಟ್ಟು ಜಾಗದಲ್ಲಿ, ನೆರಳಲ್ಲಿ ನಿಲ್ಲಿಸಿ. ಕೀ ಆನ್ ಮಾಡಿ ಮೀಟರಿನಲ್ಲಿ ಏರ್‌ಬ್ಯಾಗ್ ದೀಪ ನೋಡಿ. ಹೆಚ್ಚಿನ ಕಾರುಗಳಲ್ಲಿ ಆರೇಳು ಸೆಕೆಂಡ್ ಹೊತ್ತಿ ಆರಬೇಕು. ಆರದಿದ್ದರೆ ಮೊದಲೇ ಏನೋ ದೋಷ ಇದೆ ಅಂತ. ಸ್ಕ್ಯಾನರ್ ಹಾಕಿ ಕೋಡ್ ಓದಿ, ಕಾಗದದಲ್ಲಿ ಬರೆದಿಡಿ. ಇಲ್ಲದಿದ್ದರೆ ಕೊನೆಗೆ ಅದು ನಿಮ್ಮ ತಲೆಗೇ ಬರುತ್ತದೆ. ನನಗೆ ಬಂದಿದೆ, ಒಂದು ದಿನದ ಕೂಲಿ ಹೋಗಿದೆ.

ಪಕ್ಕದ ಸೀಟನ್ನು ಪೂರ್ತಿ ಹಿಂದೆ ತಳ್ಳಿ. ಕಿಟಕಿ ಇಳಿಸಿ. ಕೀ ತೆಗೆದು ಜೇಬಿಗಲ್ಲ, ಗ್ಯಾರೇಜಿನ ಒಳಗೆ ಮೊಳೆಗೆ ಹಾಕಿ. ಬಟನ್ ಸ್ಟಾರ್ಟ್ ಕಾರಾದರೆ ಇದು ಇನ್ನೂ ಮುಖ್ಯ. ಇಗ್ನಿಷನ್ ಆಫ್ ಇದೆ ಅಂತ ಇನ್ನೊಮ್ಮೆ ನೋಡಿಕೊಳ್ಳಿ.

ಈಗ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ. ಸಡಿಲ ಮಾಡಿ ಪಕ್ಕಕ್ಕೆ ಸರಿಸಿದರೆ ಸಾಲದು. ಆ ದಪ್ಪ ವೈರಿಗೆ ಸ್ಪ್ರಿಂಗಿನ ಗುಣ ಇದೆ, ಮೆತ್ತಗೆ ವಾಪಸ್ ಬಂದು ಟರ್ಮಿನಲ್‌ಗೆ ತಾಗುತ್ತದೆ. ಬಟ್ಟೆ ಸುತ್ತಿ ಹಗ್ಗದಲ್ಲಿ ಕಟ್ಟಿ. ಕೆಲವರಿಗೆ ಒಂದು ಅಭ್ಯಾಸ ಇದೆ: ಸ್ಟೀರಿಯೋ ಸೆಟ್ಟಿಂಗ್, ಗಡಿಯಾರ ಹೋಗಬಾರದು ಅಂತ ಇನ್ನೊಂದು ಚಿಕ್ಕ ಬ್ಯಾಟರಿ ಕೊಟ್ಟಿಡುವುದು. ಬೇರೆ ಕೆಲಸಕ್ಕೆ ಅದು ಸರಿ. ಏರ್‌ಬ್ಯಾಗ್ ಕೆಲಸಕ್ಕೆ ಖಂಡಿತ ಕೂಡದು.

ಇಲ್ಲಿಂದ ಕಾಯಬೇಕು. ಅಪಘಾತದಲ್ಲಿ ಬ್ಯಾಟರಿ ಕಿತ್ತು ಹೋದರೂ ಚೀಲ ಬಿಡಬೇಕು ಅಂತ ಕಂಟ್ರೋಲ್ ಯೂನಿಟ್ ಒಳಗೆ ಕೆಪ್ಯಾಸಿಟರ್ ಇಟ್ಟಿರುತ್ತಾರೆ. ಬ್ಯಾಟರಿ ತೆಗೆದ ಮೇಲೂ ಸ್ವಲ್ಪ ಹೊತ್ತು ಅದರಲ್ಲಿ ಚಾರ್ಜ್ ನಿಂತಿರುತ್ತದೆ. ಎಷ್ಟು ಹೊತ್ತು ಕಾಯಬೇಕು ಅಂತ ಪ್ರತಿ ಕಂಪನಿ ತನ್ನ ಮ್ಯಾನ್ಯುವಲ್‌ನಲ್ಲಿ ಬರೆದಿರುತ್ತದೆ. ಟೊಯೋಟಾ 90 ಸೆಕೆಂಡ್ ಹೇಳುತ್ತದೆ, ಹೋಂಡಾ 3 ನಿಮಿಷ. ಇನ್ನೂ ಜಾಸ್ತಿ ಹೇಳುವ ಕಂಪನಿಗಳೂ ಇವೆ. ನಾನು ಯಾವ ಕಾರೇ ಬರಲಿ, 15 ನಿಮಿಷ ಮುಟ್ಟುವುದಿಲ್ಲ.

ನಮ್ಮ ಹುಡುಗ ಮೊದಲ ವಾರ ಕೇಳಿದ್ದ, ‘ಅಣ್ಣಾ, ಮೂರು ನಿಮಿಷ ಅಂತ ಬರೆದದ್ದಕ್ಕೆ ಹದಿನೈದು ಯಾಕೆ?’

‘ಚಾ ಕುಡಿಯಲಿಕ್ಕೆ ಅಷ್ಟು ಹೊತ್ತು ಬೇಕು ತಮ್ಮಾ’ ಅಂದೆ. ಸುಳ್ಳೇನಲ್ಲ. ಆದರೆ ಅಸಲಿ ಕಾರಣ ಬೇರೆ. ಮೂರು ನಿಮಿಷ ಅಂದರೆ ಮನುಷ್ಯ ಅಂದಾಜಿನಲ್ಲಿ ಎರಡಕ್ಕೇ ಏಳುತ್ತಾನೆ. ಚಾ ಅಂದರೆ ಕಾರು ಬಿಟ್ಟು ದೂರ ಹೋಗಿಯೇ ಹೋಗುತ್ತಾನೆ.

ಗ್ಲವ್ ಬಾಕ್ಸ್‌ನಿಂದ ಹಳದಿ ಕಪ್ಲರ್‌ವರೆಗೆ

ಗ್ಲವ್ ಬಾಕ್ಸ್ ಖಾಲಿ ಮಾಡಿ. ಬಾಗಿಲು ತೆಗೆದು ಎರಡೂ ಬದಿಯ ಗೋಡೆಯನ್ನು ಒಳಕ್ಕೆ ಒತ್ತಿದರೆ ತಡೆ ಬಿಟ್ಟು ಪೂರ್ತಿ ಕೆಳಗೆ ಬಾಗುತ್ತದೆ. ಒಂದು ಕಡೆ ದಾರವೋ ಡ್ಯಾಂಪರ್ ಕಡ್ಡಿಯೋ ಇರುತ್ತದೆ, ಅದನ್ನು ಮೊದಲು ಬಿಡಿಸಿ. ಕೆಳಗಿನ ಹಿಂಜಿನಿಂದ ಎಳೆದುಕೊಂಡರೆ ಬಾಕ್ಸ್ ಕೈಗೆ ಬರುತ್ತದೆ. ಕೆಲವು ಕಾರಲ್ಲಿ ಸ್ಕ್ರೂ ಬಿಚ್ಚಬೇಕು. ಡ್ಯಾಶ್‌ಬೋರ್ಡಿನ ತುದಿಯಲ್ಲಿ, ಬಾಗಿಲು ತೆಗೆದರೆ ಮಾತ್ರ ಕಾಣುವ ಒಂದು ಮುಚ್ಚಳ ಇದೆ. ಅದನ್ನೂ ಪ್ಲಾಸ್ಟಿಕ್ ಪಟ್ಟಿಯಿಂದ ಎಬ್ಬಿಸಿ. ಸ್ಕ್ರೂ ಡ್ರೈವರ್‌ನಲ್ಲಿ ಎಬ್ಬಿಸಿದರೆ ಗೀರು ಬೀಳುತ್ತದೆ.

ಇಲಿ ಗೂಡು ಇದ್ದರೆ ಈಗ ಕಾಣುತ್ತದೆ. ಕ್ಯಾಬಿನ್ ಫಿಲ್ಟರ್ ಇರುವುದೂ ಹೆಚ್ಚಾಗಿ ಇಲ್ಲೇ. ಗಾಳಿ ಬರುವ ದಾರಿಯೇ ಇಲಿ ಬರುವ ದಾರಿ. ಗೂಡು ತೆಗೆಯುವಾಗ ಮಾಸ್ಕ್, ಗ್ಲೌಸ್ ಇರಲಿ. ಇಲಿ ಉಚ್ಚೆ ಅಂದರೆ ಇಲಿ ಜ್ವರ, ಅದು ನಮ್ಮ ಕಡೆ ಹೊಸ ಕಾಯಿಲೆ ಅಲ್ಲ.

ಮೇಲಕ್ಕೆ ದೀಪ ಹಿಡಿದು ನೋಡಿ. ಒಂದು ಬದಿಯಿಂದ ಇನ್ನೊಂದು ಬದಿಗೆ ಹೋದ ದಪ್ಪ ಕಬ್ಬಿಣದ ಪೈಪ್ ಕಾಣುತ್ತದೆ. ಅದು ಕ್ರಾಸ್ ಬಾರ್. ಮಾಡ್ಯೂಲಿನ ಡಬ್ಬಿ ಅದಕ್ಕೆ ಬೋಲ್ಟ್ ಆಗಿರುತ್ತದೆ. ಡಬ್ಬಿಯಿಂದ ಹಳದಿ ಬಣ್ಣದ ವೈರ್ ಅಥವಾ ಹಳದಿ ಕಪ್ಲರ್ ಬಂದಿರುತ್ತದೆ. ಏರ್‌ಬ್ಯಾಗ್ ವೈರಿಂಗಿಗೆ ಹಳದಿ ಬಣ್ಣ ಅನ್ನುವುದು ಹೆಚ್ಚುಕಡಿಮೆ ಎಲ್ಲ ಕಂಪನಿಗಳ ರೂಢಿ. ಹಳದಿ ಕಂಡರೆ ಸುಮ್ನೆ ಎಳೆಯಬಾರದು, ಕತ್ತರಿಸಬಾರದು, ಅದರಿಂದ ಬೇರೆ ವೈರಿಗೆ ಕರೆಂಟ್ ತೆಗೆಯಬಾರದು.

ಮುಟ್ಟುವ ಮೊದಲು ಬಾಗಿಲ ಹಿಂಜಿನ ಬರಿ ಲೋಹಕ್ಕೆ ಕೈ ತಾಗಿಸಿ. ಮೈಯಲ್ಲಿರುವ ಸ್ಟ್ಯಾಟಿಕ್ ಕರೆಂಟ್ ಹೋಗಲಿ ಅಂತ. ಜುಲೈ ತಿಂಗಳ ಕಾರವಾರದಲ್ಲಿ ಗಾಳಿಯೇ ಒದ್ದೆ, ಅದು ಅಷ್ಟಾಗಿ ಇರುವುದಿಲ್ಲ. ಚಳಿಗಾಲದಲ್ಲಿ, ಅದೂ ಘಟ್ಟದ ಮೇಲೆ, ಸ್ವೆಟರ್ ಹಾಕಿಕೊಂಡು ಕೆಲಸ ಮಾಡುವವರಿಗೆ ಇರುತ್ತದೆ.

ಕಪ್ಲರ್‌ಗೆ ಎರಡು ಲಾಕ್ ಇರುತ್ತವೆ. ಮೇಲೆ ಬೇರೆ ಬಣ್ಣದ ಪುಟ್ಟ ಚಿಲಕ, ಅದನ್ನು ಸಣ್ಣ ಸ್ಕ್ರೂ ಡ್ರೈವರ್‌ನಿಂದ ಮೆತ್ತಗೆ ಎಬ್ಬಿಸಿ. ಆಮೇಲೆ ಕಪ್ಲರ್ ಮೈ ಹಿಡಿದು ನೇರ ಎಳೆಯಿರಿ, ವೈರ್ ಹಿಡಿದಲ್ಲ. ಎರಡು ಹಂತದ ಇನ್‌ಫ್ಲೇಟರ್ ಇದ್ದರೆ ಎರಡು ಕಪ್ಲರ್ ಇರುತ್ತವೆ. ಯಾವುದು ಎಲ್ಲಿದ್ದದ್ದು ಅಂತ ಫೋಟೋ ಹೊಡೆದುಕೊಳ್ಳಿ. ಬಿಡಲಿಲ್ಲ ಅಂದರೆ ಚಿಲಕ ಪೂರ್ತಿ ಎದ್ದಿಲ್ಲ ಅಂತ ಅರ್ಥ, ಶಕ್ತಿ ಹಾಕಬೇಡಿ.

ಕಪ್ಲರ್ ಒಳಗೆ ಶಾರ್ಟಿಂಗ್ ಬಾರ್ ಅಂತ ಒಂದು ಪುಟ್ಟ ತಗಡು ಇದೆ. ಬಿಚ್ಚಿದ ತಕ್ಷಣ ಅದು ಎರಡು ಪಿನ್ನುಗಳನ್ನು ಒಂದಕ್ಕೊಂದು ಸೇರಿಸಿಬಿಡುತ್ತದೆ, ಅಕಸ್ಮಾತ್ ಕರೆಂಟ್ ಬಂದರೂ ಸ್ಕ್ವಿಬ್ ಹೊತ್ತದಿರಲಿ ಅಂತ. ಅಲ್ಲಿ ಪಿನ್ ಚುಚ್ಚಿದರೆ ಆ ರಕ್ಷಣೆ ಹೋಯಿತು. ಮಲ್ಟಿಮೀಟರ್ ಓಮ್‌ನಲ್ಲಿಟ್ಟು ನೋಡಿದರೆ ಮೀಟರ್ ತನ್ನದೇ ಕರೆಂಟ್ ಕಳಿಸಿ ಅಳೆಯುತ್ತದೆ. ಆ ಕರೆಂಟ್ ಸಣ್ಣದೇ, ಆದರೂ ಸ್ಕ್ವಿಬ್ ಮೇಲೆ ಅದನ್ನು ಪರೀಕ್ಷೆ ಮಾಡಬಾರದು ಅಂತ ಎಲ್ಲ ಮ್ಯಾನ್ಯುವಲ್‌ಗಳೂ ಹೇಳುತ್ತವೆ. ಪಿನ್ ಹಸಿರುಗಟ್ಟಿದ್ದರೆ ಸ್ಪ್ರೇ ಹೊಡೆಯುವುದೂ ಬೇಡ. ಹಳದಿ ವೈರನ್ನು ಇಲಿ ಕಡಿದಿದ್ದರೆ ಬೆಸುಗೆ, ಟೇಪು ನಡೆಯುವುದಿಲ್ಲ. ಕಂಪನಿ ಹೇಳಿದ ಹಾರ್ನೆಸ್ಸೇ, ಅಂದರೆ ವೈರುಗಳ ಇಡೀ ಕಟ್ಟೇ, ಹಾಕಬೇಕು. ದುಡ್ಡು ಜಾಸ್ತಿ ಆಗುತ್ತದೆ, ಗಿರಾಕಿ ಮುಖ ಸಣ್ಣ ಮಾಡುತ್ತಾರೆ. ಇಲ್ಲಿ ನಾನು ರಾಜಿ ಆಗುವುದಿಲ್ಲ.

ಬೋಲ್ಟ್, ಕೊಕ್ಕೆ, ಎತ್ತುವುದು

ಕ್ರಾಸ್ ಬಾರಿನ ಬೋಲ್ಟ್ ಬಿಚ್ಚಿ. ಹೆಚ್ಚಾಗಿ 10 ಅಥವಾ 12 ಎಂಎಂ. ಕರಾವಳಿ ಕಾರಲ್ಲಿ ಇವೂ ತುಕ್ಕು ಹಿಡಿದಿರುತ್ತವೆ. ಬಡಿಯಬೇಡಿ, ಇಂಪ್ಯಾಕ್ಟ್ ಗನ್ ಹಾಕಬೇಡಿ, ಬೆಂಕಿಯಂತೂ ದೂರದ ಮಾತು. ಹಿಂದೆ ಮುಂದೆ ಕಾಲು ಕಾಲು ಸುತ್ತು ತಿರುಗಿಸುತ್ತ ಬನ್ನಿ, ಬಿಡುತ್ತದೆ.

ಬೋಲ್ಟ್ ಹೋದ ಮೇಲೂ ಮಾಡ್ಯೂಲ್ ಬೀಳುವುದಿಲ್ಲ. ಡಬ್ಬಿಯ ಅಂಚಿನ ಲೋಹದ ಕೊಕ್ಕೆಗಳು ಡ್ಯಾಶ್‌ಬೋರ್ಡ್ ಅಡಿಯ ಪ್ಲಾಸ್ಟಿಕ್ ಗೋಡೆಯ ಕಿಂಡಿಗಳಲ್ಲಿ ಸಿಕ್ಕಿರುತ್ತವೆ. ಆ ಗೋಡೆಯನ್ನು ಚಪ್ಪಟೆ ಸ್ಕ್ರೂ ಡ್ರೈವರ್‌ನಿಂದ ಹೊರಕ್ಕೆ ಬಾಗಿಸುತ್ತ, ಒಂದು ಸಾಲು ಬಿಡಿಸಿ ಆಮೇಲೆ ಇನ್ನೊಂದು. ಇಲ್ಲಿ ತಾಳ್ಮೆ ಬೇಕು. ಕಿಂಡಿ ಒಡೆದರೆ ಗೋಡೆಗೆ ಹಿಡಿತ ಇರುವುದಿಲ್ಲ, ಚೀಲ ಬಿಟ್ಟಾಗ ಮುಚ್ಚಳವೇ ಹಾರಿ ಮುಖಕ್ಕೆ ಬರಬಹುದು. ಒಡೆದರೆ ಡ್ಯಾಶ್ ಪ್ಯಾನೆಲ್ ಬದಲಿಸಬೇಕು, ಅಂಟು ಹಾಕುವುದಲ್ಲ.

ಎಲ್ಲ ಕಾರಲ್ಲೂ ಕೆಳಗಿನಿಂದ ಬರುವುದಿಲ್ಲ. ಕೆಲವು ಕಡೆ ಇಡೀ ಡ್ಯಾಶ್‌ಬೋರ್ಡ್ ಎತ್ತಿ, ತಿರುಗಿಸಿ, ಹಿಂದಿನಿಂದ ನಟ್ಟು ಬಿಚ್ಚಬೇಕು. ಕೂಲಿಂಗ್ ಕಾಯಿಲ್ ಕೆಲಸಕ್ಕೆ ಹೇಗೂ ಡ್ಯಾಶ್‌ಬೋರ್ಡ್ ಇಳಿಸಲೇಬೇಕಾದ ಕಾರುಗಳಲ್ಲಿ ಕಪ್ಲರ್ ಮತ್ತು ಕ್ರಾಸ್ ಬಾರ್ ಬೋಲ್ಟ್ ಮಾತ್ರ ಬಿಚ್ಚಿ, ಮಾಡ್ಯೂಲನ್ನು ಡ್ಯಾಶ್‌ಬೋರ್ಡ್ ಜೊತೆಗೇ ಹೊರತೆಗೆಯುವುದು ಉತ್ತಮ. ಕೊಕ್ಕೆ ಮುಟ್ಟುವ ಕೆಲಸವೇ ತಪ್ಪಿತು.

ಮಾಡ್ಯೂಲ್ ಕೈಗೆ ಬಂದಾಗ ಚೀಲ ಇರುವ ಬದಿ ನಿಮ್ಮ ಮೈಯಿಂದ ಹೊರಕ್ಕೆ ಇರಲಿ. ಎರಡೂ ಕೈಯಲ್ಲಿ ಡಬ್ಬಿಯ ಬದಿ ಹಿಡಿಯಿರಿ. ವೈರ್ ಹಿಡಿದು ತೂಗಾಡಿಸಿಕೊಂಡು ಹೋಗುವುದು, ಎದೆಗೆ ಅವಚಿಕೊಳ್ಳುವುದು ಎರಡೂ ಇಲ್ಲ. ಇಡುವಾಗ ಚೀಲದ ಬದಿ ಮೇಲೆ, ಲೋಹದ ಬದಿ ಕೆಳಗೆ. ಬೋರಲಾಗಿ ಇಟ್ಟದ್ದು ಅಕಸ್ಮಾತ್ ಬಿಟ್ಟರೆ ಡಬ್ಬಿಯೇ ರಾಕೆಟ್ ಆಗಿ ಸೂರಿಗೆ ಹಾರುತ್ತದೆ. ಮೇಲ್ಮುಖ ಇದ್ದರೆ ಚೀಲ ಗಾಳಿಗೆ ಬಿಚ್ಚಿಕೊಳ್ಳುತ್ತದೆ ಅಷ್ಟೇ. ಅದಕ್ಕೇ ಅದರ ಮೇಲೆ ಏನೂ ಇಡಬಾರದು. ಒಂದು ಸ್ಪ್ಯಾನರ್ ಕೂಡ.

ನಮ್ಮಲ್ಲಿ ಇದಕ್ಕೆ ಒಂದು ಬೇರೆ ಕೋಣೆ, ಬೀಗ. ಬಿಸಿಲು ಬೀಳಬಾರದು, ವೆಲ್ಡಿಂಗ್ ಹತ್ತಿರ ಇರಬಾರದು, ಸುಮಾರು 90 ಡಿಗ್ರಿ ದಾಟುವ ಬಿಸಿ ತಾಗಬಾರದು. ಎಣ್ಣೆ, ನೀರು, ಗ್ರೀಸ್ ಬೇಡ. ಮಕ್ಕಳಂತೂ ಕೂಡದು. ಮನೆಯಲ್ಲಿ ಮಾಡುವವರು ಮಂಚದ ಮೇಲೆ, ಹಿಂದಿನ ಸೀಟಿನ ಮೇಲೆ ಇಡುತ್ತಾರೆ. ಅದಕ್ಕಿಂತ ಖಾಲಿ ಕೋಣೆಯ ನೆಲ ಎಷ್ಟೋ ವಾಸಿ. ಕೈಜಾರಿ ನೆಲಕ್ಕೆ ಬಿದ್ದ ಮಾಡ್ಯೂಲ್ ನೋಡಲು ಎಷ್ಟೇ ಚೆನ್ನಾಗಿದ್ದರೂ ಮತ್ತೆ ಹಾಕಬಾರದು.

ಮಾಡ್ಯೂಲ್ ಹೊರಗಿದ್ದಾಗ

ಕೀ ಆನ್ ಮಾಡಬೇಡಿ. ಕಾರು ಸರಿಸಬೇಕಾದರೆ ತಳ್ಳಿ. ಕಪ್ಲರ್ ಬಿಚ್ಚಿರುವಾಗ ಕೀ ಹಾಕಿದರೆ ಕಂಟ್ರೋಲ್ ಯೂನಿಟ್ ‘ಸರ್ಕಿಟ್ ಓಪನ್’ ಅಂತ ಕೋಡ್ ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ಎಲ್ಲ ಸರಿ ಹಾಕಿದರೂ ಎಷ್ಟೋ ಕಾರಲ್ಲಿ ಸ್ಕ್ಯಾನರ್‌ನಿಂದ ಅಳಿಸದೆ ದೀಪ ಆರುವುದಿಲ್ಲ.

ಇಲ್ಲೇ ಒಂದು ಕಳ್ಳದಾರಿ ಇದೆ, ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ತಿಳಿದಿರಿ. ಸ್ಕ್ವಿಬ್ ರೆಸಿಸ್ಟೆನ್ಸ್ 2 ಓಮ್ ಅಂದೆನಲ್ಲ. ಬಿಟ್ಟ ಏರ್‌ಬ್ಯಾಗ್ ಜಾಗದಲ್ಲಿ ಅಷ್ಟೇ ಓಮಿನ ರೆಸಿಸ್ಟರ್ ಸಿಕ್ಕಿಸಿದರೆ ಕಂಟ್ರೋಲ್ ಯೂನಿಟ್ ಮೋಸಹೋಗಿ ದೀಪ ಆರಿಸುತ್ತದೆ. ಮೇಲೆ ಹೊಸ ಮುಚ್ಚಳ, ಒಳಗೆ ಖಾಲಿ. ಬೇರೆ ಊರಿನಿಂದ ಬಂದ ಒಂದು ಕಾರಿನ ಗ್ಲವ್ ಬಾಕ್ಸ್ ಬಿಚ್ಚಿದಾಗ ಇಂಥದ್ದನ್ನು ನಾನೇ ನೋಡಿದ್ದೇನೆ. ಕೊಂಡವರು ಅದರಲ್ಲಿ ಎರಡು ವರ್ಷ ಮಕ್ಕಳನ್ನು ಶಾಲೆಗೆ ಬಿಟ್ಟಿದ್ದರು.

ಹಳೆ ಮಾಡ್ಯೂಲ್ ಹಾಕುವುದಿಲ್ಲ ಅಂತಾದರೆ ಗುಜರಿಗೆ ಕೊಡಬೇಡಿ. ಅವರು ಗ್ಯಾಸ್ ಕಟ್ಟರ್ ಹಿಡಿಯುತ್ತಾರೆ. ಪಾರ್ಸೆಲ್ ಮಾಡಿ ಕಳಿಸುವುದೂ ಸರಿಯಲ್ಲ, ಸಾಗಾಟದ ನಿಯಮದಲ್ಲಿ ಇದು ಅಪಾಯಕಾರಿ ಸರಕಿನ ಪಟ್ಟಿಯಲ್ಲಿದೆ. ಕಂಪನಿ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ ಕೇಳಿ.

ಮತ್ತೆ ಜೋಡಿಸುವುದು

ಬಿಚ್ಚಿದ್ದರ ಉಲ್ಟಾ. ಡಬ್ಬಿ ಮತ್ತು ಮುಚ್ಚಳದ ನಡುವೆ ಏನೂ ಸಿಕ್ಕಿಕೊಂಡಿಲ್ಲ ಅಂತ ನೋಡಿ, ಒಂದು ತುಂಡು ಫೋಮ್ ಕೂಡ. ಎಲ್ಲ ಕೊಕ್ಕೆ ಕಿಂಡಿಯಲ್ಲಿ ಕೂರಲಿ. ಬೋಲ್ಟ್ ಕೈಯಲ್ಲಿ ಹಿಡಿಸಿ, ಟಾರ್ಕ್ ರೆಂಚ್‌ನಿಂದ ಮ್ಯಾನ್ಯುವಲ್ ಹೇಳಿದಷ್ಟು ಬಿಗಿ ಮಾಡಿ. ಬೋಲ್ಟ್ ಹೊಸದು ಹಾಕಿ ಅಂತ ಬರೆದಿದ್ದರೆ ಹೊಸದೇ ಹಾಕಿ. ಕಪ್ಲರ್ ‘ಟಕ್’ ಅನ್ನಬೇಕು, ಆಮೇಲೆ ಚಿಲಕ ಒತ್ತಬೇಕು. ಚಿಲಕ ಕೂರುತ್ತಿಲ್ಲ ಅಂದರೆ ಕಪ್ಲರ್ ಪೂರ್ತಿ ಹೋಗಿಲ್ಲ.

ಬ್ಯಾಟರಿ ಕೊನೆಗೆ. ಆಗ ಕಾರಿನ ಒಳಗೆ ಯಾರೂ ಕೂತಿರಬಾರದು. ಡ್ರೈವರ್ ಬದಿ ಬಾಗಿಲ ಹೊರಗೆ ನಿಂತು, ಸ್ಟಿಯರಿಂಗಿಗೆ ಮುಖ ಒಡ್ಡದೆ, ಕೈ ಚಾಚಿ ಕೀ ಆನ್ ಮಾಡಿ. ದೀಪ ಹೊತ್ತಿ, ಆರೇಳು ಸೆಕೆಂಡ್ ಇದ್ದು, ಆರಬೇಕು. ಹೊತ್ತಲೇ ಇಲ್ಲ ಅಂದರೆ ಅದೂ ದೋಷವೇ. ಆರದಿದ್ದರೆ ಬ್ಯಾಟರಿ ಬಿಚ್ಚಿ, ಮತ್ತೆ ಚಾ ಕುಡಿದು, ಕಪ್ಲರ್ ನೋಡಿ. ಹತ್ತರಲ್ಲಿ ಎಂಟು ಸಲ ಅದೇ ಚಿಲಕ.

ಕಳೆದ ಶ್ರಾವಣದಲ್ಲಿ ಶಿರಸಿ ಕಡೆಯ ಮಾಸ್ತರರೊಬ್ಬರ ಕಾರು ಹೀಗೆ ಇಲಿ ಕೆಲಸಕ್ಕೆ ಬಂದಿತ್ತು. ಮಗಳ ಮನೆ ಕಾರವಾರದಲ್ಲಿ, ಬಂದಲ್ಲೇ ಬಿಟ್ಟಿದ್ದರು. ದೀಪ ಆರಿತು, ಎಸಿ ತಣ್ಣಗಾಯಿತು. ಅವರು ಕೈಚೀಲದಿಂದ ಕಾಗದ ಸುತ್ತಿದ ಪುಟ್ಟ ಹಿತ್ತಾಳೆ ಗಣಪತಿ ತೆಗೆದರು. ಬಿಚ್ಚುವ ಮೊದಲು ನಾನೇ ಕಿತ್ತು ಕೊಟ್ಟದ್ದು. ಎಡಬದಿಯ ಡ್ಯಾಶ್‌ಬೋರ್ಡ್ ಮೇಲೆ, ಸರಿಯಾಗಿ ಏರ್‌ಬ್ಯಾಗ್ ಮುಚ್ಚಳದ ನಡುವೆ ಅಂಟಿಸಿದ್ದರು.

‘ಇದನ್ನೊಂದು ಅಲ್ಲೇ ಅಂಟಿಸಿಕೊಡಿ ಮಾರಾಯ್ರೇ.’

‘ಮಾಸ್ತರರೇ, ಚೀಲ ಬಿಟ್ಟರೆ ಗಣಪತಿ ನೇರ ನಿಮ್ಮ ಮನೆಯವರ ಹಣೆಗೆ ಬರುತ್ತಾನೆ’ ಅಂದೆ.

ಅವರು ಮುಚ್ಚಳ ನೋಡಿದರು, ಗಣಪತಿ ನೋಡಿದರು. ‘ಹಾಗಾದರೆ ಎಲ್ಲಿ?’

ಗೇರ್ ಲಿವರ್ ಮುಂದಿನ ತಟ್ಟೆಯಲ್ಲಿ ಜಾಗ ಇತ್ತು. ಅಲ್ಲಿ ಡಬಲ್ ಟೇಪ್ ಹಚ್ಚಿ ಕೂರಿಸಿದೆ. ಅದರ ಕೆಳಗೇ ಕಂಟ್ರೋಲ್ ಯೂನಿಟ್ ಇರುವುದು ಅಂತಲೂ ಹೇಳಿದೆ. ‘ಸರಿ, ಹೆಡ್ ಆಫೀಸಿನಲ್ಲೇ ಕೂತ’ ಅಂದರು ಮಾಸ್ತರರು.